ವಾಕ್ಯಮ್ಮನ ಗುಂಡಿ ಡಬ್ಬಿ

ಚರ್ಚಿನ ಸಭೆಯ ದಾಖಲೆ ಪುಸ್ತಕದಲ್ಲಿ ಅವಳ ಹೆಸರು ಏನಿತ್ತೋ, ಜನರ ಬಾಯಲ್ಲಿ ಮಾತ್ರ ಅವಳು ವಾಕ್ಯಮ್ಮ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಕರೆಯುತ್ತಾರೆಂದು ಅವಳಿಗೆ ಗೊತ್ತಿತ್ತು, ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗೂ ಇತ್ತು. ಬೇರೆಯವರನ್ನು ಗೊಣಗಮ್ಮ, ಬಾಯಿಬಡುಕಿ ಎಂದೆಲ್ಲ ಕರೆಯುವ ಜನ ತನ್ನನ್ನು ದೇವರ ವಾಕ್ಯದ ಹೆಸರಿನಿಂದ ಕರೆಯುವುದೆಂದರೆ ಸಣ್ಣ ಮಾತೇ? ಬಾಯಿಬಡುಕಿ ಎನ್ನುವುದನ್ನೇ ಸ್ವಲ್ಪ ಮರ್ಯಾದೆಯಿಂದ ಹೇಳಿದರೆ ವಾಕ್ಯಮ್ಮ ಆಗುತ್ತದೆ ಎಂದು ಅವಳಿಗೆ ಹೊಳೆಯಲು ಹನ್ನೆರಡು ವರ್ಷ ಬೇಕಾಯಿತು.

ಮೂರನೇ ಮಹಡಿಯ ಮೂರು ಕೋಣೆಯ ಮನೆ ಅವಳದು. ಆ ಮನೆಯಲ್ಲಿ ವಾಕ್ಯವಿಲ್ಲದ ಗೋಡೆ ಇರಲಿಲ್ಲ. ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲೆ "ನೀನು ನಿಂತಿರುವ ಸ್ಥಳ ಪರಿಶುದ್ಧವಾದದ್ದು, ಕಾಲಿನ ಕೆರ ಬಿಚ್ಚು." ಫ್ರಿಜ್ಜಿನ ಮೇಲೆ, ಗಂಡನ ಹೊಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು, "ಮನುಷ್ಯನು ರೊಟ್ಟಿಯಿಂದ ಮಾತ್ರ ಬದುಕುವುದಿಲ್ಲ." ಬಚ್ಚಲಿನ ಕನ್ನಡಿಯ ಮೇಲೆ, ಅದರ ಮುಂದೆ ಅರ್ಧ ಗಂಟೆ ನಿಲ್ಲುವ ಮಗಳಿಗಾಗಿ, "ಮನುಷ್ಯನು ಹೊರಗಿನದನ್ನು ನೋಡುತ್ತಾನೆ, ಕರ್ತನು ಹೃದಯವನ್ನು ನೋಡುತ್ತಾನೆ." ಸ್ವಿಚ್ಚುಗಳ ಮೇಲೆ "ನೀವು ಲೋಕಕ್ಕೆ ಬೆಳಕಾಗಿದ್ದೀರಿ" ಎಂದಿತ್ತು. ಅದರ ಕೆಳಗೆ ಅವಳೇ ಸೇರಿಸಿದ ಸಾಲು: "ಆದ್ದರಿಂದ ಹೊರಗೆ ಹೋಗುವಾಗ ಲೈಟ್ ಆರಿಸಿ." ಆ ಎರಡನೇ ಸಾಲು ಯಾವ ಪ್ರವಾದಿಯದೆಂದು ಅತ್ತೆ ಒಮ್ಮೆ ಕೇಳಿದ್ದರು. ವಾಕ್ಯಮ್ಮ ಕೇಳಿಸದವಳಂತೆ ಪಾತ್ರೆ ಉಜ್ಜಿದ್ದಳು.

ಅತ್ತೆ ಅಂದರೆ ಗಂಡನ ತಾಯಿ, ನಲವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು. ಪವಿತ್ರ ಪುಸ್ತಕ ಅವರಿಗೆ ಅಂಗೈ ನೆಲ್ಲಿಕಾಯಿ. ಅಂಥವರಿರುವ ಮನೆಯಲ್ಲಿ ವಾಕ್ಯಮ್ಮ ವಾಕ್ಯ ಹೇಳುವುದೆಂದರೆ ಅಗಸನ ಮುಂದೆ ಬಟ್ಟೆ ಒಗೆದು ತೋರಿಸಿದ ಹಾಗೆ. ಒಂದು ಸಲ ಬಚ್ಚಲಿನ ನಲ್ಲಿ ಸೋರಿ, ಅವಳು ಗಂಡನಿಗೆ ಎರಡು ವಾರ ಒಂದೇ ಸಮನೆ ಗೊಣಗಿದಳು: "ಊರಿನ ಲಿಫ್ಟನ್ನೆಲ್ಲ ರಿಪೇರಿ ಮಾಡೋರಿಗೆ ಮನೆ ನಲ್ಲಿಗೊಂದು ವಾಷರ್ ಹಾಕೋಕೆ ಟೈಮಿಲ್ಲ!" ಮೂರನೇ ವಾರ ನಲ್ಲಿಯ ಮೇಲೆ ಅತ್ತೆಯ ನಡುಗುವ ಅಕ್ಷರದಲ್ಲೊಂದು ಚೀಟಿ ಅಂಟಿತ್ತು. ಮಳೆಗಾಲದಲ್ಲಿ ತಟತಟ ತೊಟ್ಟಿಕ್ಕುವ ಹನಿ, ಜಗಳಗಂಟಿ ಹೆಂಡತಿ, ಎರಡೂ ಒಂದೇ ಎನ್ನುವ ಜ್ಞಾನೋಕ್ತಿ. ಗಂಡ ಅವತ್ತೇ ವಾಷರ್ ಹಾಕಿದ. ಪಶ್ಚಾತ್ತಾಪದಿಂದಲ್ಲ, ನಗು ತಡೆಯಲಾರದೆ. ವಾಕ್ಯಮ್ಮ ಚೀಟಿ ಕಿತ್ತಳು, ಗೋಂದಿನ ಕಲೆ ಮಾತ್ರ ಹೋಗಲಿಲ್ಲ.

ಅವಳ ಕೆಲಸ ಬಟ್ಟೆ ಆಲ್ಟರೇಶನ್. ದೊಡ್ಡದೊಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಪರದೆ ಎಳೆದರೆ ಟ್ರಯಲ್ ರೂಮಾಗುವ ಒಂದು ಮೂಲೆ, ಆಳೆತ್ತರದ ಕನ್ನಡಿ, ಗಿರಾಕಿ ನಿಲ್ಲಲು ಒಂದು ಕುಳ್ಳ ಸ್ಟೂಲು. ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ವಾಕ್ಯ: "ಹರಿಯುವ ಸಮಯ, ಹೊಲಿಯುವ ಸಮಯ." ಹೊಟ್ಟೆ ಬಂದ ಗಿರಾಕಿ ಹಳೆಯ ಪ್ಯಾಂಟನ್ನೇ ತಂದು ಹೇಗಾದರೂ ಹಿಡಿಸಬೇಕೆಂದು ಹಟ ಹಿಡಿದರೆ, ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದರ ಬಗ್ಗೆ ಅವಳು ಅವನಿಗೂ ನಾಲ್ಕು ಮಾತು ಹೇಳಿಯೇ ಪ್ಯಾಂಟು ಇಸಿದುಕೊಳ್ಳುತ್ತಿದ್ದಳು. ಆದರೆ ಕೈಗುಣ ಒಳ್ಳೆಯದು, ಆದ್ದರಿಂದ ಗಿರಾಕಿಗಳು ಉಪದೇಶವನ್ನು ಕೂಲಿಯ ಜೊತೆಗೆ ಬರುವ ತೊಂದರೆಯೆಂದು ಸಹಿಸಿಕೊಳ್ಳುತ್ತಿದ್ದರು.

ಇನ್ನು ಗುಂಡಿ ಡಬ್ಬಿಯ ವಿಷಯ. ಒಂದು ಕಾಲದಲ್ಲಿ ನಿಜವಾಗಿಯೂ ಗುಂಡಿಗಳಿದ್ದ ತಗಡಿನ ಡಬ್ಬಿ ಅದು. ಮಗಳಿಗೆ ಏಳು ವರ್ಷವಿದ್ದಾಗ ವಾಕ್ಯಮ್ಮ ಅದನ್ನು ತೊಳೆದು ಒರೆಸಿ, ಹಳೆಯ ರಸೀತಿಗಳ ಬೆನ್ನಿನ ಮೇಲೆ ವಾಕ್ಯಗಳನ್ನು ಬರೆದು, ಕಿರುಬೆರಳಿನ ಗಾತ್ರಕ್ಕೆ ಸುರುಳಿ ಸುತ್ತಿ, ಉಳಿದ ದಾರದ ತುಂಡುಗಳಿಂದ ಕಟ್ಟಿ ಅದರಲ್ಲಿ ತುಂಬಿಸಿದಳು. ಊಟವಾದ ಮೇಲೆ ಒಬ್ಬೊಬ್ಬರು ಒಂದೊಂದು ಎತ್ತಬೇಕು, ಗಟ್ಟಿಯಾಗಿ ಓದಬೇಕು. ಅದು ಅವತ್ತು ದೇವರು ಆ ಮನುಷ್ಯನಿಗೇ ಹೇಳಿದ ಮಾತು.

ಮೊದಲ ತಿಂಗಳು ದೇವರು ಯಾಕೋ ಸರಿಯಾಗಿ ಗಮನ ಕೊಡಲಿಲ್ಲ. ಏಳು ವರ್ಷದ ಮಗಳಿಗೆ "ನಿನ್ನ ಯೌವನದ ಹೆಂಡತಿಯಲ್ಲಿ ಆನಂದಪಡು" ಎಂದು ಬಂತು. ಹಲ್ಲಿಲ್ಲದ ಅತ್ತೆಗೆ ಹಲ್ಲು ಕಡಿಯುವ ದುಷ್ಟರ ಮಾತು ಬಂತು. ಹಸಿ ಟವೆಲನ್ನು ಹಾಸಿಗೆಯ ಮೇಲೆ ಎಸೆದು ಹೋಗುವ ಗಂಡನಿಗೆ "ಭಲಾ, ನಂಬಿಗಸ್ತ ಆಳೇ" ಎಂದು ಬಂದಾಗ ವಾಕ್ಯಮ್ಮನ ತಾಳ್ಮೆ ಕೆಟ್ಟಿತು. ಇಷ್ಟೊಂದು ಲೋಕ ನೋಡಿಕೊಳ್ಳುವ ದೇವರಿಗೆ ಈ ಮನೆಯ ಟವೆಲಿನ ವಿಷಯ ಹೇಗೆ ಗೊತ್ತಾಗಬೇಕು? ಕೈಲಾದ ಸಹಾಯ ತಾನು ಮಾಡಬೇಕು ಎಂದುಕೊಂಡಳು. ನೋಡುತ್ತ ನೋಡುತ್ತ ಅವಳಿಗೊಂದು ಗುಟ್ಟು ಸಿಕ್ಕಿತು. ಗಂಡನ ಕೈ ಹೆಚ್ಚಾಗಿ ನೀಲಿ ದಾರದ ಕಡೆ ಹೋಗುತ್ತಿತ್ತು, ಅವನ ಕೆಲಸದ ಅಂಗಿಯ ಬಣ್ಣ. ಮಗಳದು ಹಸಿರು. ಅತ್ತೆ ಕಣ್ಣು ಮಂಜಾದವರು, ಅಂಚಿನಲ್ಲಿರುವುದನ್ನು ಎತ್ತುತ್ತಾರೆ. ಅಲ್ಲಿ ಕಂದು ದಾರದ್ದನ್ನು ಇಟ್ಟರಾಯಿತು. ಅಲ್ಲಿಂದ ಮುಂದೆ ದೇವರು ತಪ್ಪಿ ಮಾತಾಡಿದ್ದೇ ಇಲ್ಲ.

"ಎಲ್ಲವೂ ಮರ್ಯಾದೆಯಿಂದಲೂ ಕ್ರಮದಿಂದಲೂ ನಡೆಯಲಿ" ಎಂದು ನೀಲಿ ದಾರ ಹೇಳುತ್ತಿತ್ತು. ಗಂಡ ಓದಿ, ಆಮೆನ್ ಎಂದು, ಹಲ್ಲು ಕಡ್ಡಿ ಹುಡುಕುತ್ತಿದ್ದ. ಟವೆಲು ಹಾಸಿಗೆಯಿಂದ ಕುರ್ಚಿಗೆ ಬರಲು ಮೂರು ವರ್ಷ ಹಿಡಿಯಿತು. ಹಗ್ಗದವರೆಗೆ ಇನ್ನೂ ತಲುಪಿಲ್ಲ. ಕಂದು ದಾರ "ಸುಮ್ಮನಿದ್ದು, ನಾನೇ ದೇವರೆಂದು ತಿಳಿಯಿರಿ" ಎನ್ನುತ್ತಿತ್ತು. ಅತ್ತೆ ಭೂತಗನ್ನಡಿ ಹಿಡಿದು ಓದಿ, "ಟೀವಿ ವಿಷಯ ಇದರಲ್ಲಿ ಏನೂ ಬರೆದಿಲ್ಲ ನೋಡು" ಎಂದು ಟೀವಿಯ ದನಿಯನ್ನು ಇನ್ನೆರಡು ಗೆರೆ ಏರಿಸುತ್ತಿದ್ದರು. ಹಸಿರು ದಾರ ಹೊತ್ತೇರುವವರೆಗೆ ಮಲಗುವ ಮಗಳನ್ನು, ಸೋಮಾರಿಯೇ ನೋಡಿ ಕಲಿ ಎಂದು, ಇರುವೆಯ ಬಳಿಗೆ ಕಳಿಸುತ್ತಿತ್ತು. ಫಲ ಅಷ್ಟಕ್ಕಷ್ಟೇ ಆದರೂ ವಾಕ್ಯಮ್ಮನಿಗೆ ತೃಪ್ತಿಯಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು, ಹಾಲು ಸಿಹಿಯಾಗಿತ್ತು.

ಹೀಗೆ ಹನ್ನೆರಡು ವರ್ಷ ಕಳೆದ ಮೇಲೆ ಮಗಳು ನರ್ಸಿಂಗ್ ಓದಲು ಸೇರಿದಳು. ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಿಳಿ ಯೂನಿಫಾರಂ ಕೋಟು ಹಾಕಿಕೊಂಡೇ ಅಮ್ಮನ ಅಂಗಡಿಗೆ ಬಂದಳು. ಸೊಂಟದ ಹತ್ತಿರ ಸಡಿಲವಾಗಿದೆ, ಹಿಡಿದುಕೊಡು ಎಂದಳು. ಹುಡುಗಿ ಇಳಿದುಹೋಗಿದ್ದಳು. ವಾಕ್ಯಮ್ಮ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಮಂಡಿಯೂರಿ, ನಾಲ್ಕು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಕೋಟಿನ ಪಕ್ಕಗಳನ್ನು ಹಿಡಿಯತೊಡಗಿದಳು.

ಮಗಳು ಕನ್ನಡಿ ನೋಡುತ್ತಲೇ ಮಾತು ತೆಗೆದಳು.

"ಅಮ್ಮ, ನಂಗೆ ರಕ್ತ ನೋಡೋಕಾಗ್ತಿಲ್ಲ."

ವಾಕ್ಯಮ್ಮ ತಲೆ ಎತ್ತಿದಳು.

"ಮೂರು ಸಲ ಬಿದ್ದೆ. ಗಾಯ ಬಿಚ್ಚಿ ಡ್ರೆಸಿಂಗ್ ಮಾಡೋವಾಗ ಕಣ್ಣು ಕತ್ತಲೆ ಬರುತ್ತೆ. ಒಂದ್ಸಲ ಹೊದಿಕೆ ಇಡೋ ಕೋಣೇಲಿ ಹೋಗಿ ಬಿದ್ದೆ, ಯಾರೂ ನೋಡ್ಲಿಲ್ಲ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಅಂತ ಸುಳ್ಳು ಹೇಳಿದ್ದೀನಿ. ನಂಗೆ ಈ ಕೆಲಸ ಇಷ್ಟ ಅಮ್ಮ. ಬಿಡಲ್ಲ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡ್ಕೊಳ್ತೀನಿ. ಆದ್ರೆ ಯಾರಿಗೂ ಹೇಳ್ಬೇಡ. ಅಪ್ಪನಿಗೂ ಬೇಡ."

ವಾಕ್ಯಮ್ಮನ ಎದೆಯಲ್ಲಿ "ಹೆದರಬೇಡ, ನಾನೇ ನಿನ್ನೊಂದಿಗಿದ್ದೇನೆ" ಮೊದಲುಗೊಂಡು ಆರೇಳು ವಾಕ್ಯಗಳು ಒಮ್ಮೆಗೇ ಎದ್ದವು. ಆದರೆ ಬಾಯಿ ತೆರೆದರೆ ಸೂಜಿ ಗಂಟಲಿಗೆ ಹೋಗುತ್ತದೆ. "ಹೂಂ" ಎಂದಳು. ಮಗಳ ಮೊಣಕಾಲನ್ನು ಮೆಲ್ಲಗೆ ತಟ್ಟಿದಳು. ಮಗಳು ಸಣ್ಣದಾಗಿ ನಕ್ಕು, ಹಗುರಾದವಳಂತೆ ಉಸಿರುಬಿಟ್ಟಳು. ಈ ಹುಡುಗಿ ಇಷ್ಟು ವರ್ಷಗಳಲ್ಲಿ ತನಗೆ ಮನಸ್ಸು ಬಿಚ್ಚಿ ಹೇಳಿದ ಮೊದಲ ಮಾತು ಇದು ಎಂದು ವಾಕ್ಯಮ್ಮನಿಗೆ ಸಂತೋಷವಾಯಿತು. ಅವತ್ತೇ ಯಾಕೆ, ಅಲ್ಲೇ ಯಾಕೆ ಹೇಳಿದಳು ಎಂದು ಮಾತ್ರ ಅವಳು ಯೋಚಿಸಲಿಲ್ಲ.

ಅದು ಮಂಗಳವಾರ. ಗುರುವಾರ ಪಾಸ್ಟರ್ ಅವರ ಹೆಂಡತಿಯ ಮನೆಯ ಮುಂಗೋಣೆಯಲ್ಲಿ ಸ್ತ್ರೀಯರ ಪ್ರಾರ್ಥನೆ. ಎಲ್ಲರೂ ಅವರನ್ನು ಪಾಸ್ಟರಮ್ಮ ಎನ್ನುತ್ತಿದ್ದರು. ಅವರೂ ಸೇರಿ ಹನ್ನೆರಡು ಹೆಂಗಸರು, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ಒಬ್ಬೊಬ್ಬರಾಗಿ ತಮ್ಮ ಪ್ರಾರ್ಥನಾ ವಿಷಯ ಹೇಳಬೇಕು. ಆ ವಾರ ಎಲ್ಲರ ವಿಷಯಗಳೂ ಭಾರಿಯಾಗಿದ್ದವು. ಒಬ್ಬಳ ಗಂಡನಿಗೆ ಹೃದಯದ ಆಪರೇಷನ್, ಇನ್ನೊಬ್ಬಳ ತಂಗಿಯ ಮದುವೆ ಮುರಿದಿತ್ತು, ಮತ್ತೊಬ್ಬಳ ಮೈದುನ ಕುಡಿದು ಮನೆಯ ಬಾಗಿಲನ್ನೇ ಮುರಿದಿದ್ದ. ಹೆಂಗಸರು ಬಿಕ್ಕುತ್ತಿದ್ದರು. ವಾಕ್ಯಮ್ಮನ ಹತ್ತಿರ ಇದ್ದದ್ದು ಅದೇ ಮಂಡಿನೋವು, ಎರಡು ವರ್ಷದಿಂದ ಹೇಳಿ ಹೇಳಿ ಹಳಸಿದ್ದು. ಅಂಥ ದುಃಖಗಳ ಸಾಲಿನಲ್ಲಿ ಮಂಡಿನೋವು ಹಿಡಿದುಕೊಂಡು ನಿಂತರೆ ಯಾರು ಕಣ್ಣೀರು ಹಾಕುತ್ತಾರೆ? ತನ್ನ ಸರದಿ ಬಂದಾಗ ಅವಳ ಬಾಯಿ ತಾನಾಗಿಯೇ ತೆರೆಯಿತು. ಬಾಯಲ್ಲಿ ಸೂಜಿಯೂ ಇರಲಿಲ್ಲ.

"ನಮಗೆ ಗೊತ್ತಿರೋ ಒಂದು ಹುಡುಗಿ ಇದ್ದಾಳೆ. ಹೆಸರು ಬೇಡ. ನರ್ಸಿಂಗ್ ಓದ್ತಿದ್ದಾಳೆ, ಪಾಪ, ರಕ್ತ ನೋಡಿದ್ರೆ ಬಿದ್ದುಬಿಡ್ತಾಳೆ..."

ಆ ಸಭೆಯಲ್ಲಿ ನರ್ಸಿಂಗ್ ಓದುವ ಹುಡುಗಿ ಇದ್ದದ್ದು ಒಬ್ಬಳೇ. ಹೆಸರು ಹೇಳಲಿಲ್ಲವೆಂದು ಸಮಾಧಾನಪಟ್ಟುಕೊಂಡವಳು ವಾಕ್ಯಮ್ಮ ಒಬ್ಬಳೇ. ಉಳಿದ ಹನ್ನೊಂದು ಜನ ಅವಳ ಕೈ ಹಿಡಿದು, ಭುಜ ಸವರಿ, ಮೂಗು ಒರೆಸಿಕೊಂಡರು. ಮನೆಗೆ ಹೋಗುವಾಗ ಮಂಡಿನೋವು ಕೂಡ ಕಡಿಮೆಯಾದ ಹಾಗಿತ್ತು.

ಭಾನುವಾರ ಆರಾಧನೆ ಮುಗಿದು ಹೊರಗೆ ಬರುವಾಗ ಪಾಸ್ಟರಮ್ಮ ಬಾಗಿಲಲ್ಲೇ ಮಗಳನ್ನು ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು, ಚಪ್ಪಲಿ ಹುಡುಕುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು: "ರಕ್ತದ ಭಯದ ಆತ್ಮವೇ, ಈ ಮಗುವನ್ನು ಬಿಟ್ಟು ತೊಲಗು!" ಮಗಳು ಕೈಯ ಕೆಳಗಿಂದಲೇ ಅಮ್ಮನನ್ನು ನೋಡಿದಳು. ಆ ನೋಟದ ಮುಂದೆ ವಾಕ್ಯಮ್ಮ ತನ್ನ ಚಪ್ಪಲಿಯನ್ನು ಬಹಳ ಶ್ರದ್ಧೆಯಿಂದ ಹುಡುಕಿದಳು, ಅದು ಕಾಲಲ್ಲೇ ಇತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಹೆಂಗಸರಲ್ಲಿ ಒಬ್ಬಳು ಮಗಳು ಕೆಲಸ ಕಲಿಯುವ ಆಸ್ಪತ್ರೆಯಲ್ಲೇ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವವಳು. ಸೋಮವಾರ ಮಗಳು ತರಗತಿಗೆ ಹೋದರೆ ಅವಳ ಮೇಜಿನ ಮೇಲೆ ಒಂದು ಕೆಂಪು ಶಾಯಿಯ ಬಾಟಲಿ, ಸುತ್ತ ಮುಸಿಮುಸಿ ನಗು. ಮಧ್ಯಾಹ್ನ ಪಾಠ ಹೇಳುವ ಮೇಡಂ ಕರೆದು, ಈ ಓದು ನಿನಗೆ ಬೇಕಾ ಯೋಚನೆ ಮಾಡು ಎಂದರು. ಸಂಜೆ ಮಗಳು ಮನೆಗೆ ಬಂದು ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನಾನು ಹೇಳಿದ್ದು ನಿನಗೆ ಅಮ್ಮ. ಅವರಿಗಲ್ಲ."

"ಹಾಗಲ್ಲ ಕಣೇ, ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿರಿ ಅಂತ ಇದೆ. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿರಿ ಅಂತಾನೂ..."

ಒಳಗಿನಿಂದ ಟೀವಿಯ ದನಿ ತಗ್ಗಿತು. ಅತ್ತೆ ಅಲ್ಲಿಂದಲೇ ಹೇಳಿದರು: "ಅಲ್ಲಿ ‘ನಿಮ್ಮ ಪಾಪಗಳನ್ನು’ ಅಂತ ಇದೆ ಕಣೇ. ಮಗಳ ಗುಟ್ಟನ್ನು ಅಂತ ಯಾವ ಅಧ್ಯಾಯದಲ್ಲಿದೆ?"

ಮಗಳು ಮತ್ತೆ ಮಾತಾಡಲಿಲ್ಲ. ಅವತ್ತೂ ಇಲ್ಲ, ಮಾರನೇ ದಿನವೂ ಇಲ್ಲ. ಮೂರನೇ ದಿನ ಫ್ರಿಜ್ಜಿನ ಮೇಲೆ, ರೊಟ್ಟಿಯ ವಾಕ್ಯದ ಪಕ್ಕದಲ್ಲೇ, ಒಂದು ಫಾರಂ ಅಂಟಿತ್ತು. ಹಾಸ್ಟೆಲಿಗೆ ಸೇರುವ ಅರ್ಜಿ. ಒಂದನೇ ತಾರೀಕಿನಿಂದ ಜಾಗ, ತಂದೆ ತಾಯಿ ಇಬ್ಬರ ಸಹಿಯೂ ಬೇಕು. ತಂದೆಯ ಸಹಿ ಆಗಲೇ ಬಿದ್ದಿತ್ತು, ಪಕ್ಕದಲ್ಲಿ ಗ್ರೀಸಿನ ಹೆಬ್ಬೆರಳಿನ ಗುರುತೂ ಇತ್ತು.

"ಹೋಗು ಅಂದ್ಬಿಟ್ರಾ?" ಎಂದು ವಾಕ್ಯಮ್ಮ ಗಂಡನ ಮೇಲೆ ಹಾರಿದಳು.

"ಹೋಗು ಅನ್ಲಿಲ್ಲ. ಸಹಿ ಮಾಡು ಅಂದ್ಲು, ಮಾಡ್ದೆ" ಎಂದ ಗಂಡ. "ಅವಳ ಮುಖ ನೋಡಿದ್ರೆ ನೀನೂ ಮಾಡ್ತಿದ್ದೆ."

ವಾಕ್ಯಮ್ಮನಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಹಾಸ್ಟೆಲು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ ಅಷ್ಟೇ. ಆದರೆ ಮಾತುಬಿಟ್ಟು ಹೊರಟ ಮಗಳಿಗೆ ಮುಕ್ಕಾಲು ಗಂಟೆಯೂ ಒಂದೇ, ಸಮುದ್ರದಾಚೆಯೂ ಒಂದೇ. ಒಮ್ಮೆ ಹೋದರೆ ಹಬ್ಬಕ್ಕೆ ಹುಣ್ಣಿಮೆಗೆ ಬಂದು ಊಟ ಮಾಡಿ ಹೋಗುವ ನೆಂಟಳಾಗುತ್ತಾಳೆ. ಈ ಹೆದರಿಕೆಗೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಗುಂಡಿ ಡಬ್ಬಿ ತೆಗೆದು ಹಸಿರು ದಾರದ ಸುರುಳಿಗಳನ್ನು ಹೊಸದಾಗಿ ಕಟ್ಟಿದಳು. ತಂದೆತಾಯಿಗಳನ್ನು ಸನ್ಮಾನಿಸು ಎನ್ನುವುದೊಂದು. ಸೂರ್ಯ ಮುಳುಗುವುದಕ್ಕೆ ಮುಂಚೆ ಸಿಟ್ಟು ತೀರಲಿ ಎನ್ನುವುದೊಂದು. ಎಪ್ಪತ್ತೇಳು ಸಲ ಕ್ಷಮಿಸು ಎನ್ನುವುದೊಂದು. ತಾನು ಬೇಡಿಕೊಳ್ಳಬೇಕಾದ ಕ್ಷಮೆಯನ್ನು ದೇವರ ಅಪ್ಪಣೆಯಾಗಿ ಕಟ್ಟಿ ಮಗಳ ಮುಂದಿಡುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂದು ಈಗ ನೆನೆದರೆ ಅವಳಿಗೇ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಐದು ದಿನ ಮಗಳು ಊಟ ಮಾಡಿ, ತಟ್ಟೆ ತೊಳೆದು, ಡಬ್ಬಿ ಬರುವ ಮೊದಲೇ ಎದ್ದು ಹೋದಳು. ಆರನೇ ದಿನ ಕುಳಿತೇ ಇದ್ದಳು. ವಾಕ್ಯಮ್ಮ ಹಸಿರು ಸುರುಳಿ ಮಗಳ ಕೈಗೆ ತೀರಾ ಹತ್ತಿರವಿರುವ ಹಾಗೆ ಡಬ್ಬಿಯನ್ನು ತಿರುಗಿಸಿ ಹಿಡಿದಳು. ಮಗಳ ಕೈ ಬಂತು, ಹಸಿರನ್ನು ದಾಟಿತು, ನೀಲಿಯನ್ನು ಎತ್ತಿತು. ದಾರ ಬಿಚ್ಚಿ ಓದಿದಳು:

"ಎಲ್ಲವೂ ಮರ್ಯಾದೆಯಿಂದಲೂ ಕ್ರಮದಿಂದಲೂ..."

"ಏಯ್, ಅದು ನಿಂದಲ್ಲ! ಅಪ್ಪಂದು!"

ಯಾರೂ ಕಳ್ಳಿ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳಿ! ಗಂಡ ತನ್ನ ತಟ್ಟೆಯನ್ನು ಅದರಲ್ಲಿ ಏನೋ ಬರೆದಿರುವ ಹಾಗೆ ನೋಡುತ್ತಿದ್ದ. ಅತ್ತೆ ಭೂತಗನ್ನಡಿಯನ್ನು ಸೆರಗಿನಿಂದ ಒರೆಸುತ್ತಿದ್ದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಅದನ್ನು ಕಂಡ ಮೇಲೆಯೇ ವಾಕ್ಯಮ್ಮನಿಗೆ ಬೆವರು ಕಿತ್ತುಕೊಂಡದ್ದು.

"ನಿಮಗೆಲ್ಲ... ಗೊತ್ತಿತ್ತಾ?"

ಗಂಡ ಕೆಮ್ಮಿದ. "ಮೊದಲನೇ ವರ್ಷಾನೇ. ಒಂದ್ಸಲ ಗೊತ್ತಾಗದೆ ಹಸಿರು ಎತ್ತಿದೆ ನೋಡು, ನೀನು ಎರಡು ದಿನ ಮುಖ ಊದಿಸ್ಕೊಂಡು ಕೂತೆ. ನೀಲಿ ಎತ್ತೋದೇ ಸುಲಭ ಅನ್ನಿಸ್ತು. ನೀನೂ ಖುಷಿಯಾಗಿರ್ತಿದ್ದೆ."

"ನಂಗೆ ಕಂದು ಬಣ್ಣ ಕಂಡ್ರೆ ಆಗಲ್ಲ" ಎಂದರು ಅತ್ತೆ. "ಕಣ್ಣು ಮಂಜು ನಿಜ, ಆದ್ರೆ ಕಂದು ಯಾವುದು ಹಸಿರು ಯಾವುದು ಅನ್ನೋದು ಕಾಣುತ್ತೆ ಕಣೇ. ಹನ್ನೆರಡು ವರ್ಷ ಎತ್ತಿದ್ದೀನಿ."

ವಾಕ್ಯಮ್ಮ ಡಬ್ಬಿ ಹಿಡಿದುಕೊಂಡೇ ನಿಂತಿದ್ದಳು. ಇಷ್ಟು ವರ್ಷ ತಾನು ಮೂವರನ್ನೂ ತಿದ್ದುತ್ತಿದ್ದೇನೆ ಎಂದುಕೊಂಡಿದ್ದಳು. ಮೂವರೂ ಸೇರಿ ತನ್ನನ್ನು ಸಹಿಸಿಕೊಂಡಿದ್ದರು, ದಿನವೂ, ಊಟವಾದ ಮೇಲೆ, ಒಂದೊಂದು ದಾರದಂತೆ. ಆಗ ಮಗಳು ಬಾಯಿ ತೆರೆದಳು. ಅಷ್ಟು ದಿನಗಳಲ್ಲಿ ಅಮ್ಮನಿಗೆ ಆಡಿದ ಮೊದಲ ಮಾತು.

"ಅಮ್ಮ, ನಿಂದು ಯಾವ ಬಣ್ಣ?"

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ವಾಕ್ಯಮ್ಮ ಡಬ್ಬಿಯೊಳಗೆ ನೋಡಿದಳು. ನೀಲಿ, ಕಂದು, ಹಸಿರು. ಇನ್ನೊಂದು ಬಣ್ಣ ಇರಲಿಲ್ಲ, ಯಾವತ್ತೂ ಇರಲಿಲ್ಲ.

"ನಾನು... ಡಬ್ಬಿ ಹಿಡ್ಕೊಳ್ತೀನಲ್ಲ" ಎಂದಳು.

ಮಗಳು ಎದ್ದು ಹೋದಳು.

ಮಾರನೇ ದಿನ ಅಂಗಡಿಯಲ್ಲಿ ಅವಳು ಒಂದು ಪ್ಯಾಂಟಿನ ಎಡಗಾಲನ್ನು ಎರಡು ಸಲ ಗಿಡ್ಡ ಮಾಡಿದಳು. ಮೊದಲು ಸಿಟ್ಟಿತ್ತು. ಗೊತ್ತಿದ್ದೂ ಹೇಳದೆ ನನ್ನನ್ನು ಕೋಡಂಗಿ ಮಾಡಿದರಲ್ಲ ಎಂದು. ಮಧ್ಯಾಹ್ನದ ಹೊತ್ತಿಗೆ ಸಿಟ್ಟು ನಿಲ್ಲಲಾರದೆ ಹೋಯಿತು, ನಾಚಿಕೆ ಬಂದು ಕುಳಿತಿತು. ಪರದೆ ಎಳೆದುಕೊಂಡು ಟ್ರಯಲ್ ರೂಮಿನಲ್ಲಿ ಅತ್ತಳು. ಕನ್ನಡಿಯಲ್ಲಿ ತನ್ನ ಅಳುವ ಮುಖ ಕಂಡು, ಇಷ್ಟು ಕೆಟ್ಟದಾಗಿ ಅಳುತ್ತೇನಾ ಎಂದು ಅಳು ನಿಲ್ಲಿಸಿದಳು.

ಸಂಜೆ ಡಬ್ಬಿ ತೆರೆದಾಗ ಅದರಲ್ಲಿ ಹೊಸದೊಂದು ಸುರುಳಿ ಇತ್ತು. ಕಪ್ಪು ದಾರ, ಗಂಟು ಒಡ್ಡೊಡ್ಡಾಗಿತ್ತು. ಒಳಗೆ ಅತ್ತೆಯ ನಡುಗುವ ಅಕ್ಷರ: "ಹರಿಯುವ ಸಮಯ, ಹೊಲಿಯುವ ಸಮಯ, ಸುಮ್ಮನಿರುವ ಸಮಯ, ಮಾತಾಡುವ ಸಮಯ."

"ಅಂಗಡೀಲಿ ಅರ್ಧ ಕತ್ತರಿಸಿ ಹಾಕಿದ್ದೀಯಲ್ಲ" ಎಂದರು ಅತ್ತೆ ಟೀವಿಯಿಂದ ಕಣ್ಣು ತೆಗೆಯದೆ. "ಉಳಿದರ್ಧ."

ನೆನಪಾಯಿತು. ಚೌಕಟ್ಟು ಚಿಕ್ಕದಿತ್ತು, ವಾಕ್ಯ ಉದ್ದವಿತ್ತು. ಅವಳೇ, ಅದೇ ಬಟ್ಟೆ ಕತ್ತರಿಯಿಂದ, ಬೇಡದ ಭಾಗವನ್ನು ನೇರವಾಗಿ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದಳು. ಗಿರಾಕಿಯ ತೋಳಿಗೆ ಅಂಗಿಯನ್ನು ಹಿಡಿಸುವವಳು ತನ್ನ ಗೋಡೆಗೆ ದೇವರನ್ನೂ ಹಿಡಿಸಿದ್ದಳು.

ಗುರುವಾರ ಪಾಸ್ಟರಮ್ಮನ ಮುಂಗೋಣೆಯಲ್ಲಿ ಸರದಿ ಬಂದಾಗ ಅವಳು ಎದ್ದು ನಿಂತಳು.

"ಆವತ್ತು ಒಂದು ಹುಡುಗಿ ವಿಷಯ ಹೇಳಿದೆ. ಅದು ನನ್ನ ಮಗಳೇ. ಯಾರಿಗೂ ಹೇಳ್ಬೇಡ ಅಂದಿದ್ಲು. ಹೇಳೋಕೆ ನನಗೆ ಹಕ್ಕಿರಲಿಲ್ಲ. ನನ್ನ ಹತ್ರ ಮಂಡಿನೋವು ಬಿಟ್ರೆ ಬೇರೆ ವಿಷಯ ಇರಲಿಲ್ಲ ಅಂತ ಅದನ್ನ ಹೇಳ್ಬಿಟ್ಟೆ. ದಯವಿಟ್ಟು ಇನ್ನು ಯಾರೂ ಅವಳ ವಿಷಯ ಎತ್ತಬೇಡಿ. ಅವಳ ಮುಂದೆ ಮಾತ್ರ ಅಲ್ಲ, ಬೆನ್ನ ಹಿಂದೇನೂ ಬೇಡ."

ಔಷಧಿ ಕೌಂಟರಿನವಳು ತಲೆ ತಗ್ಗಿಸಿದಳು. ಆಮೇಲೆ ಪಾಸ್ಟರಮ್ಮ ಕಣ್ಣೊರೆಸಿಕೊಂಡು, "ಎಂಥಾ ಸಾಕ್ಷಿ! ಬನ್ನಿ, ಈ ಸಹೋದರಿಗಾಗಿ ಪ್ರಾರ್ಥನೆ ಮಾಡೋಣ" ಎಂದು ಕೈ ಚಾಚಿದರು. ವಾಕ್ಯಮ್ಮನಿಗೆ, ಸುಳ್ಳೇಕೆ, ಆ ‘ಎಂಥಾ ಸಾಕ್ಷಿ’ ಎನ್ನುವ ಹೊಗಳಿಕೆ ಕೇಳಿ ಒಳಗೆ ಎಲ್ಲೋ ಸಣ್ಣಗೆ ಹಿತವಾಯಿತು. ಆ ಹಿತವನ್ನು ಗುರುತು ಹಿಡಿದು, ಬೆಚ್ಚಿ, "ಪ್ರಾರ್ಥನೆ ಬೇಡಮ್ಮಾ, ಮರೆತುಬಿಡಿ ಸಾಕು" ಎಂದು ಕುಳಿತಳು.

ಮನೆಗೆ ಬಂದು ಫಾರಂ ತೆಗೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಭೆಯಲ್ಲಿ ಎದ್ದು ನಿಂತ ಮಾತ್ರಕ್ಕೆ ಮಗಳು ಮನೆಯಲ್ಲಿ ನಿಲ್ಲಬೇಕೆಂಬ ಕ್ರಮ ಯಾವ ಪುಸ್ತಕದಲ್ಲೂ ಇಲ್ಲ. ಸಹಿ ಹಾಕಿದಳು. ಕೆಳಗೆ ‘ಪೋಷಕರ ಟಿಪ್ಪಣಿ’ ಎಂದು ಮೂರು ಖಾಲಿ ಗೆರೆಗಳಿದ್ದವು. ಆ ಮೂರು ಗೆರೆಗಳ ಮುಂದೆ ಅವಳು ಹತ್ತು ನಿಮಿಷ ಕುಳಿತಳು. ಎಂಥೆಂಥ ವಾಕ್ಯಗಳು ಹಿಡಿಸುತ್ತಿದ್ದವು ಅಲ್ಲಿ! ಕೊನೆಗೆ "ಏನೂ ಇಲ್ಲ" ಎಂದು ಬರೆದು, ಮಾರನೇ ಸಂಜೆ ಮಗಳ ಕೈಗೆ ಕೊಟ್ಟಳು. ಮಗಳು ಅದನ್ನು ಓದಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು. ಅಲ್ಲೂ ಏನೂ ಇರಲಿಲ್ಲ.

"ಗುರುವಾರ ಏನು ಹೇಳಿದೆ ಅಂತ ಗೊತ್ತಾಯ್ತು" ಎಂದಳು ಮಗಳು. ಅಷ್ಟೇ. ಒಂದನೇ ತಾರೀಕು ಅಪ್ಪ ಅವಳ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿಸಿ ಬಂದ.

ಮನೆ ಬಿಕೋ ಎನ್ನುತ್ತಿತ್ತು. ಆ ರಾತ್ರಿ ವಾಕ್ಯಮ್ಮ ಡಬ್ಬಿ ತೆಗೆಯಲಿಲ್ಲ. ಅತ್ತೆಯೇ ಎದ್ದು ಹೋಗಿ ತಂದರು, ಕೈಯಾಡಿಸಿ ಹಸಿರನ್ನು ಎತ್ತಿದರು. "ಎಷ್ಟು ವರ್ಷದ ಆಸೆ" ಎಂದು ಬಿಚ್ಚಿ, ತಂದೆತಾಯಿಗಳನ್ನು ಸನ್ಮಾನಿಸು ಎಂದು ಓದಿ, "ಯಾರನ್ನು ಅಂತ ಸನ್ಮಾನಿಸ್ಲಿ, ಇಬ್ರೂ ಹೋಗಿ ಐವತ್ತು ವರ್ಷ ಆಯ್ತು" ಎಂದರು. ಗಂಡ ನಕ್ಕ. ವಾಕ್ಯಮ್ಮನೂ ನಗಲು ನೋಡಿದಳು, ಆಗದೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಒಂದು ಶನಿವಾರ ಕಳೆಯಿತು, ಮಗಳು ಬರಲಿಲ್ಲ. ಎರಡನೇ ಶನಿವಾರ ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ನೆರಳು ಬಿತ್ತು. ಬಿಳಿ ಕೋಟು ಹಾಕಿಕೊಂಡೇ ಬಂದಿದ್ದಳು.

"ಸೊಂಟದ ಹತ್ರ ಸಡಿಲ ಆಗಿದೆ ಅಮ್ಮ. ಸ್ವಲ್ಪ ನೋಡು."

ವಾಕ್ಯಮ್ಮ ನೋಡಿದಳು. ಇಪ್ಪತ್ತೆರಡು ವರ್ಷ ಅಳತೆ ತೆಗೆದ ಕಣ್ಣಿಗೆ ಟೇಪು ಬೇಕಿಲ್ಲ. ತಾನೇ ಹಿಡಿದುಕೊಟ್ಟ ಕೋಟು, ಒಂದು ಎಳೆಯಷ್ಟೂ ಸಡಿಲ ಇರಲಿಲ್ಲ. "ಸರಿಯಾಗೇ ಇದೆಯಲ್ಲೇ" ಎಂಬ ಮಾತು ತುಟಿಯವರೆಗೆ ಬಂತು. ಅದರ ಹಿಂದೆ, ಕಳೆದುಹೋಗಿದ್ದವನು ಸಿಕ್ಕಿದನು ಎಂಬ ವಾಕ್ಯ. ಅದರ ಹಿಂದೆ ಇನ್ನೊಂದು, ಮತ್ತೊಂದು, ಬಸ್ಸಿಗೆ ಕಾಯುವವರ ಹಾಗೆ ಸಾಲಾಗಿ ನಿಂತಿದ್ದವು. ಅವಳು ಸೂಜಿದಿಂಬಿಗೆ ಕೈ ಹಾಕಿದಳು. ಸಾಮಾನ್ಯವಾಗಿ ಇಂಥ ಕೆಲಸಕ್ಕೆ ನಾಲ್ಕು ಸೂಜಿ ಸಾಕು. ತನ್ನ ಮೇಲೆ ತನಗೆ ನಂಬಿಕೆ ಸಾಲದೆ ಏಳು ಸೂಜಿ ಕಚ್ಚಿಕೊಂಡಳು. ಆಮೇಲೆ, ಯಾರೂ ಪ್ರಾರ್ಥಿಸದ ಆ ಮಂಡಿಯನ್ನು ಊರಿ ಕುಳಿತಳು.

ಮಗಳು ಸ್ಟೂಲು ಹತ್ತಿ ನಿಂತಳು. ಕನ್ನಡಿಯಲ್ಲಿ ಅಮ್ಮನ ಬಾಯಿ ನೋಡಿದಳು, ಸೂಜಿಗಳನ್ನು ಎಣಿಸಿರಬೇಕು. ತುಟಿಯ ಒಂದು ಕೊನೆ ಅಲುಗಿತು.

"ನಿನ್ನೆ ಮತ್ತೆ ಬಿದ್ದೆ ಅಮ್ಮ" ಎಂದಳು. "ಆದ್ರೆ ಈ ಸಲ ಡ್ರೆಸಿಂಗ್ ಪೂರ್ತಿ ಮುಗಿಸಿ ಬಿದ್ದೆ."

"ಹೂಂ" ಎಂದಳು ವಾಕ್ಯಮ್ಮ. ಕಣ್ಣು ತುಂಬಿ ಬಂದದ್ದಕ್ಕೆ ಕೋಟಿನ ಅಂಚು ಎರಡೆರಡಾಗಿ ಕಾಣುತ್ತಿತ್ತು.

ಮಗಳು ಮುಕ್ಕಾಲು ಗಂಟೆ ಮಾತಾಡಿದಳು. ಹಾಸ್ಟೆಲಿನ ಜೊತೆಯವಳ ಗೊರಕೆ, ಕೆಂಪು ಶಾಯಿ ಇಟ್ಟವಳೇ ಮೊನ್ನೆ ಹೆರಿಗೆ ಕೋಣೆಯಲ್ಲಿ ಧೊಪ್ಪನೆ ಬಿದ್ದದ್ದು, ಮೇಡಂ ಇವಳ ಬೆನ್ನು ತಟ್ಟಿದ್ದು, ರಾತ್ರಿ ಕೆಲವೊಮ್ಮೆ ಅಳು ಬರುವುದು. ಏಳು ಸೂಜಿಗಳಲ್ಲಿ ಒಂದೂ ಕೋಟಿಗೆ ಹೋಗಲಿಲ್ಲ. ಕೊನೆಗೆ ಅವಳು ಸ್ಟೂಲಿನಿಂದ ಇಳಿದು, ಎಲ್ಲೂ ಸಡಿಲವಿಲ್ಲದ ಕೋಟನ್ನು ಎಳೆದು ಸರಿಮಾಡಿಕೊಂಡಳು.

"ಮುಂದಿನ ಶನಿವಾರ ಇನ್ನೊಂದು ಕೋಟು ತರ್ತೀನಿ. ಅದೂ ಸಡಿಲಾನೇ."

ವಾಕ್ಯಮ್ಮ ಸೂಜಿಗಳನ್ನು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದಳು. ಮಗಳು ಹತ್ತಿದ ಬಸ್ಸು ಮೂಲೆ ತಿರುಗುವವರೆಗೂ ತೆಗೆಯಲಿಲ್ಲ.